ತಂತ್ರಾಂಶದ ಪರೀಕ್ಷೆ ಪಕ್ವವಾಗುವ ಬಗೆ

ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಗೋಲದ ವ್ಯಾಸವನ್ನು ಅಳೆಯುವುದಕ್ಕೆ ಮೊದಲು ಅದರ ದವಡೆಗಳೆರಡನ್ನೂ ಕೂಡಿಸಿ ಶೂನ್ಯದೋಷವಿದೆಯೆ ಎಂದು ನೋಡಿಕೊಳ್ಳಬೇಕಷ್ಟೆ. ಬುದ್ಧಿವಂತನಾದ ವಿದ್ಯಾರ್ಥಿ ಇದನ್ನು ತಾನಾಗಿಯೇ ಮಾಡುತ್ತಾನೆ; ಆದರೆ ಗಂಟೆ ಬಾರಿಸುವ ಹೊತ್ತಾಯಿತೆಂಬ ಅವಸರದಲ್ಲಿ ಆತನೂ ಒಮ್ಮೊಮ್ಮೆ ಮರೆಯುವುದುಂಟು. ಆದಕಾರಣವೇ ಪ್ರಯೋಗದ ದಾಖಲೆ ಪುಸ್ತಕದಲ್ಲಿ ‘ಶೂನ್ಯದೋಷ’ ಎಂದು ಒಂದು ಅಂಕಣಕ್ಕೆ ಮೊದಲೇ ಗೆರೆ ಹಾಕಿಸುತ್ತೇವೆ. ಆ ಅಂಕಣ ಖಾಲಿ ಉಳಿದರೆ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ಒಬ್ಬನ ತಲೆಯಲ್ಲಿದ್ದ ಎಚ್ಚರವು ಹೀಗೆ ಎಲ್ಲರ ಪುಸ್ತಕದಲ್ಲಿಯೂ ನೆಲೆಗೊಂಡಿತು. ಒಂದು ಸಂಸ್ಥೆಯ ಕೆಲಸದ ಕ್ರಮ ಪಕ್ವವಾಯಿತೆಂದು ತಜ್ಞರು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಇಂಥ ಬದಲಾವಣೆಯೇ. ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವ ಸಂಸ್ಥೆಗಳಲ್ಲಿ ಆ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಈ ರೀತಿ ಪಕ್ವವಾಗುವುದು ಹೇಗೆಂಬುದನ್ನು ಈಗ ವಿಚಾರ ಮಾಡೋಣ.

ತಂತ್ರಾಂಶವೆಂದರೆ ಗಣಕವು ಒಂದಾದಮೇಲೊಂದರಂತೆ ನೆರವೇರಿಸಬೇಕಾದ ಆದೇಶಗಳ ಸರಣಿ. ಯಂತ್ರದ ಹಲ್ಲುಚಕ್ರದಂತೆ ಅದು ಸವೆಯುವುದಿಲ್ಲ. ತುಕ್ಕು ಹಿಡಿಯುವುದೂ ಇಲ್ಲ. ಆದುದರಿಂದ ತಂತ್ರಾಂಶದ ದೋಷವೆಂಬುದು ಅದನ್ನು ಬರೆದ ಅಥವಾ ತಿದ್ದಿದ ದಿನವೇ ಒಳಹೊಕ್ಕಿರುತ್ತದೆ. ತಕ್ಕ ಸಂದರ್ಭ ಒದಗುವವರೆಗೆ ಅದು ವರ್ಷಗಟ್ಟಲೆ ಸುಮ್ಮನಿದ್ದು, ಒದಗಿದೊಡನೆ ಪ್ರಕಟವಾಗುತ್ತದೆ. ಆ ಸಂದರ್ಭವನ್ನು ನಾವೇ ಮುಂಚಿತವಾಗಿ, ಯಾರಿಗೂ ಹಾನಿಯಾಗದ ಸ್ಥಳದಲ್ಲಿ, ಬೇಕೆಂದೇ ಒದಗಿಸಿಕೊಡುವುದಕ್ಕೆ ಪರೀಕ್ಷೆಯೆಂದು ಹೆಸರು. ಇದರಲ್ಲಿ ಲೋಪವಾದರೆ ಏನಾಗಬಹುದೆಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಅದರಲ್ಲಿ ವಿಶೇಷ ಆಸಕ್ತಿಯೂ ಇರುವುದು.

1996ನೆಯ ಇಸವಿ ಜೂನ್ 4ನೆಯ ತಾರೀಖು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಉಡಾವಣಾ ಕೇಂದ್ರದಿಂದ ಯೂರೋಪಿನ ಏರಿಯಾನ್-5 ಎಂಬ ಹೊಸ ರಾಕೆಟ್ಟು ಮೊಟ್ಟಮೊದಲ ಬಾರಿಗೆ ಮೇಲೆದ್ದಿತು. ಭೂಮಿಯ ಕಾಂತಗೋಳವನ್ನು ಅಭ್ಯಾಸ ಮಾಡಬೇಕಾಗಿದ್ದ ‘ಕ್ಲಸ್ಟರ್’ ಎಂಬ ನಾಲ್ಕು ಉಪಗ್ರಹಗಳು ಅದರ ಶಿರೋಭಾಗದಲ್ಲಿದ್ದುವು. ಇನ್ನೂ 40 ಸೆಕೆಂಡುಗಳು ಕಳೆದಿರಲಿಲ್ಲ. ನೆಟ್ಟಗೆ ಏರುತ್ತಿದ್ದ ರಾಕೆಟ್ಟು ಒಮ್ಮೆಲೇ ಪಕ್ಕಕ್ಕೆ ವಾಲಿತು. ಎದುರುಗಾಳಿಯ ಬಲವನ್ನು ತಾಳಲಾರದೆ ಅದರ ಅಂಗಗಳು ಕಿತ್ತುಬಂದುವು. ಇಂಥ ಸಮಯಕ್ಕೆಂದೇ ಇಟ್ಟಿದ್ದ ಸ್ವಯಂನಾಶಕ ವ್ಯವಸ್ಥೆ ಕೂಡಲೆ ಕೆಲಸ ಮಾಡಿ ರಾಕೆಟ್ಟು ಆಕಾಶದಲ್ಲಿಯೇ ಸಿಡಿದುಹೋಯಿತು. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ್ದ ಉಪಗ್ರಹಗಳು ಕೆಳಗಿನ ಜೌಗುನೆಲದಲ್ಲಿ ಚೂರುಚೂರಾಗಿ ಬಿದ್ದುವು.

ಫ್ರಾನ್ಸಿನ ಗಣಿತಜ್ಞ ಝಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಚಾರಣಾ ಮಂಡಳಿಯು ಅದೇ ಜುಲೈ ತಿಂಗಳಲ್ಲಿ ತನ್ನ ವರದಿಯನ್ನು ಕೊಟ್ಟಿತು. ಅದರಿಂದ ತಿಳಿದುಬಂದ ಸಂಗತಿ ಇದು. ರಾಕೆಟ್ಟು ಯಾವ ದಿಕ್ಕಿಗೆ ಎಷ್ಟು ವೇಗದಿಂದ ಹೋಗುತ್ತಿದೆಯೆಂಬುದನ್ನು ಗೈರೊಸ್ಕೋಪು ಮತ್ತು ವೇಗೋತ್ಕರ್ಷಮಾಪಕಗಳ ಸಹಾಯದಿಂದ ಲೆಕ್ಕಹಾಕುವ ಒಂದು ಉಪಕರಣ ಅದರಲ್ಲಿತ್ತು. ಅದನ್ನು ಜಡತ್ವ ನಿರ್ದೇಶಕವೆಂದು ಕರೆಯೋಣ. ಒಂದು ಕೆಟ್ಟರೆ ಇನ್ನೊಂದಿರಲೆಂದು ಇಂಥವು ಎರಡಿದ್ದುವು. ಇವುಗಳ ತಂತ್ರಾಂಶವು ಬಹುಮಟ್ಟಿಗೆ ಹಿಂದಿನ ಏರಿಯಾನ್-4 ರಾಕೆಟ್ಟಿನದೇ. ಅಲ್ಲಿ ಅದು ಸೊಗಸಾಗಿ ಕೆಲಸ ಮಾಡಿ ಹೆಸರು ಪಡೆದಿತ್ತು. ಅದರಲ್ಲಿ ಒಂದು ಕಡೆ ರಾಕೆಟ್ಟಿನ ಸಮತಲ ವೇಗಕ್ಕೆ ಸಂಬಂಧಪಟ್ಟ ಒಂದು ಪರಿಮಾಣವನ್ನು 64 ದ್ವಿಮಾನ ಸ್ಥಾನಗಳ ದಶಮಾಂಶರೂಪದಿಂದ 16 ದ್ವಿಮಾನ ಸ್ಥಾನಗಳ ಪೂರ್ಣಾಂಕಕ್ಕೆ ಪರಿವರ್ತಿಸಬೇಕಾಗಿತ್ತು. ಧನ ಋಣ ಚಿಹ್ನೆಗಳಿಗೂ ಎಡೆಗೊಟ್ಟಮೇಲೆ 16 ಸ್ಥಾನಗಳಲ್ಲಿ ಹಿಡಿಸಬಲ್ಲ ಅತಿ ದೊಡ್ಡ ಸಂಖ್ಯೆ 32,767. ಏರಿಯಾನ್-5 ಮೊದಲಿನದಕ್ಕಿಂತ ಬಲಿಷ್ಠವಾದ ರಾಕೆಟ್ಟು; ಅದರ ಪಥವೇ ಬೇರೆ; ಹಾರಾಟದ ಆರಂಭದಲ್ಲಿಯೇ ಅದರ ಸಮತಲ ವೇಗ ಬಹಳ ಹೆಚ್ಚಾಗಿ ಬೆಳೆಯುತ್ತಿತ್ತು. ಪಾವಿನಲ್ಲಿ ಕೊಳಗವನ್ನು ಅಳೆಯಹೋದಂತಾಯಿತು. ಸಂಖ್ಯೆ ಹಿಡಿಸದೆ ಹೋದೊಡನೆ ನಿರ್ದೇಶಕವು ತಾನು ಕೆಟ್ಟೆನೆಂದು ಸಾರಿ ಕೆಲಸ ನಿಲ್ಲಿಸಿತು. ಎರಡನೆಯದನ್ನು ನೋಡಿದರೆ ಅದು ಇದಕ್ಕಿಂತ ಕ್ಷಣಾಂಶ ಮೊದಲೇ ಅದೇ ಕಾರಣದಿಂದ ನಿಂತುಹೋಗಿತ್ತು. ಒಂದೇ ತಂತ್ರಾಂಶವನ್ನು ಹೊತ್ತ ಅವಳಿಗಳಿಗೆ ಬಂದ ರೋಗವೂ ಒಂದೇ! ನಿಂತುಹೋದ ನಿರ್ದೇಶಕವು ಕಳುಹಿಸಿದ ದೋಷಸೂಚನೆಯ ಅಂಕಿಗಳನ್ನೇ ರಾಕೆಟ್ಟಿನ ಮುಖ್ಯ ಗಣಕವು ಹಾರಾಟದ ಅಂಕಿಗಳೆಂದು ತಿಳಿದು, ಇಲ್ಲದ ವಕ್ರಗತಿಯನ್ನು ತಿದ್ದುವುದಕ್ಕಾಗಿ ಎಂಜಿನುಗಳ ಮೂತಿಯನ್ನು ಪೂರ್ತಿ ತಿರುಗಿಸಿಬಿಟ್ಟಿತು.

ಇದನ್ನು ಕೇಳಿದವರು ಸಾಮಾನ್ಯವಾಗಿ ಆದೇಶ ಬರೆದವನ ಅಜಾಗ್ರತೆಯನ್ನು ದೂರುತ್ತಾರೆ. ವರದಿಯನ್ನು ಓದಿದರೆ ಹಾಗೆ ದೂರಲು ಮನಸ್ಸು ಬರುವುದಿಲ್ಲ. ಸಂಖ್ಯೆ ಹಿಡಿಸದೆ ಹೋಗಬಹುದಾದ ಏಳು ಸ್ಥಳಗಳನ್ನು ತಜ್ಞರು ಮೊದಲೇ ಗುರುತಿಸಿದ್ದರು. ಗಣಕದ ಮೇಲೆ ಹೊರೆ ಹೆಚ್ಚಬಾರದೆಂದು ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆಯನ್ನು ಒದಗಿಸಿ, ಉಳಿದ ಮೂರು ಪರಿಮಾಣಗಳು ಅಷ್ಟು ದೊಡ್ಡದಾಗುವ ಸಂಭವವೇ ಇಲ್ಲವೆಂದು ತೀರ್ಮಾನಿಸಿ ಬಿಟ್ಟಿದ್ದರು. ಏರಿಯಾನ್-4ರ ಮಟ್ಟಿಗೆ ಈ ತೀರ್ಮಾನ ಸರಿಯಾಗಿಯೇ ಇತ್ತು. ಇನ್ನೂ ವಿಚಿತ್ರವೆಂದರೆ, ದೋಷ ಹುಟ್ಟಿದ ಆ ಲೆಕ್ಕವು ರಾಕೆಟ್ಟು ನೆಲ ಬಿಟ್ಟಮೇಲೆ ಏರಿಯಾನ್-5ಕ್ಕೆ ಬೇಕಾಗಿಯೇ ಇರಲಿಲ್ಲ. ಹಳೆಯ ರಾಕೆಟ್ಟಿನ ಅನುಕೂಲಕ್ಕೆಂದು ಇಟ್ಟದ್ದು ಹಾಗೆಯೇ ಉಳಿದುಬಂದಿತ್ತು. ಹೊಸ ರಾಕೆಟ್ಟಿನ ಪಥವನ್ನು ಕುರಿತ ಅಂಕಿಗಳನ್ನು ನಿರ್ದೇಶಕದ ಲಕ್ಷಣಪತ್ರದಲ್ಲಿ ಸೇರಿಸಿರಲಿಲ್ಲ. ನೆಲದ ಮೇಲೆ ಇಡೀ ವ್ಯವಸ್ಥೆಯನ್ನು ಪರೀಕ್ಷಿಸುವಾಗ ನಿಜವಾದ ನಿರ್ದೇಶಕವನ್ನು ಜೋಡಿಸದೆ, ಅದರಂತೆ ನಟಿಸುವ ಒಂದು ತಂತ್ರಾಂಶವನ್ನು ಅದರ ಸ್ಥಾನದಲ್ಲಿಟ್ಟರು. ಅಪಘಾತವಾದ ಮೇಲೆ ನಿಜವಾದ ಪಥದ ಅಂಕಿಗಳನ್ನು ಹಾಕಿ ಗಣಕದ ಮೇಲೆ ಹಾರಾಟವನ್ನು ಅನುಕರಿಸಿ ನೋಡಿದಾಗ, ಕೂರೂವಿನ ಆಕಾಶದಲ್ಲಿ ನಡೆದದ್ದೇ ಇಲ್ಲಿಯೂ ನಡೆಯಿತು. ಒಂದು ಕೊಠಡಿಯೊಳಗೆ ಕುಳಿತು ಕಂಡುಹಿಡಿಯಬಹುದಾಗಿದ್ದ ದೋಷವಿದು. ನಮಗೆ ತೋರುವಂತೆ, ಅಲ್ಲಿ ಕೊರತೆಯಿದ್ದುದು ಪ್ರತಿಭೆಗಲ್ಲ. ‘ಹಳೆಯದನ್ನು ಹೊಸ ಕಡೆ ಬಳಸುವಾಗ ಹಳೆಯ ತೀರ್ಮಾನಗಳನ್ನೆಲ್ಲ ಮತ್ತೆ ಒರೆಗೆ ಹಚ್ಚಿದಿರಾ?’ ಎಂಬ ಪ್ರಶ್ನೆಗೆ ಗೆರೆ ಹಾಕಿದ ಅಂಕಣವೊಂದು ಇರಲಿಲ್ಲ.

ರಾಕೆಟ್ಟಿನಲ್ಲಿ ಮನುಷ್ಯರಿರಲಿಲ್ಲ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾಯಂತ್ರದ ಕಥೆ ಇದಕ್ಕಿಂತ ದಾರುಣವಾದದ್ದು. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಆರು ಮಂದಿ ರೋಗಿಗಳಿಗೆ ಈ ಯಂತ್ರದಿಂದ ಮಿತಿಮೀರಿದ ವಿಕಿರಣ ತಗಲಿ, ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಇಲ್ಲಿಯೂ ತಂತ್ರಾಂಶದ ಭಾಗಗಳು ಹಳೆಯ ಯಂತ್ರಗಳಿಂದ ಬಂದುವೇ. ಹಿಂದಿನ ಯಂತ್ರದಲ್ಲಿ ವಿದ್ಯುತ್ ಮತ್ತು ಯಾಂತ್ರಿಕ ಅಗುಳಿಗಳಿದ್ದು, ತಂತ್ರಾಂಶ ತಪ್ಪಿದರೂ ವಿಕಿರಣವನ್ನು ತಡೆಯುತ್ತಿದ್ದುವು. ದೋಷವಿದೆಯೆಂಬುದೇ ಯಾರಿಗೂ ತಿಳಿದಿರಲಿಲ್ಲ. ಹೊಸ ಯಂತ್ರದಲ್ಲಿ ಆ ಅಗುಳಿಗಳನ್ನು ತೆಗೆದು ತಂತ್ರಾಂಶವನ್ನೇ ನೆಚ್ಚಿದರು.

ಹಾಗಾದರೆ ಇರುವ ಸಂದರ್ಭಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿಬಿಟ್ಟರಾಯಿತಲ್ಲ ಎಂದು ವಾಚಕರು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ತಲಾ 32 ದ್ವಿಮಾನ ಸ್ಥಾನಗಳುಳ್ಳ ಎರಡು ಸಂಖ್ಯೆಗಳನ್ನು ಕೂಡಿಸುವುದು ಮಾತ್ರವೇ ನಮ್ಮ ತಂತ್ರಾಂಶದ ಕೆಲಸವೆಂದಿಟ್ಟುಕೊಳ್ಳಿ. ಮೊದಲನೆಯ ಸಂಖ್ಯೆಗೆ 2ರ 32ನೆಯ ಘಾತದಷ್ಟು ಬೆಲೆಗಳು, ಎರಡನೆಯದಕ್ಕೂ ಅಷ್ಟೇ. ಒಟ್ಟು ಜೋಡಿಗಳು 2ರ 64ನೆಯ ಘಾತದಷ್ಟು, ಎಂದರೆ ಸುಮಾರು 1.8ನ್ನು 10ರ 19ನೆಯ ಘಾತದಿಂದ ಗುಣಿಸಿದಷ್ಟು. ಸೆಕೆಂಡಿಗೆ ನೂರು ಕೋಟಿ ಜೋಡಿಗಳನ್ನು ಪರೀಕ್ಷಿಸುತ್ತ ಹೋದರೂ ಕೆಲಸ ಮುಗಿಯಲು ಸುಮಾರು 585 ವರ್ಷ ಬೇಕು. ಬರಿಯ ಸಂಕಲನದ ಪಾಡು ಇದಾದರೆ ರೈಲ್ವೆ ಟಿಕೆಟ್ಟು ಕಾಯ್ದಿರಿಸುವ ಅಥವಾ ಬ್ಯಾಂಕಿನ ಲೆಕ್ಕ ನೋಡಿಕೊಳ್ಳುವ ತಂತ್ರಾಂಶದ ಪಾಡೇನು? ಆದಕಾರಣ ಪರೀಕ್ಷಕನು ಆರಿಸಿಕೊಳ್ಳಲೇಬೇಕು. 32,767ನ್ನು ಹಾಕಿ ನೋಡು, 32,768ನ್ನೂ ಹಾಕಿ ನೋಡು, ನಡುವಿನ ಸಾವಿರಾರು ಸಂಖ್ಯೆಗಳಲ್ಲಿ ಒಂದೆರಡು ಸಾಕು ಎಂಬ ವಿವೇಕ ಬೇಕು. ಈ ವಿವೇಕ ಅನುಭವದಿಂದ ಬರುತ್ತದೆ. ಅನುಭವಿಯಾದವನು ಕೆಲಸ ಬಿಟ್ಟು ಬೇರೆ ಸಂಸ್ಥೆಗೆ ಹೋದರೆ ಅದೂ ಅವನೊಡನೆಯೇ ಹೋಗಿಬಿಡುತ್ತದೆ. ಸಮಸ್ಯೆಯ ಮೂಲವಿರುವುದು ಇಲ್ಲಿಯೇ.

ಪರೀಕ್ಷಿಸುವವನ ಮನೋಭಾವವೂ ಮುಖ್ಯವಾದುದು. ತಂತ್ರಾಂಶ ಸರಿಯಾಗಿದೆಯೆಂದು ತೋರಿಸಲು ಹೊರಟವನು ತನಗರಿಯದೆಯೇ ಸುಲಭವಾದ ಉದಾಹರಣೆಗಳನ್ನು ಆರಿಸಿಕೊಳ್ಳುತ್ತಾನೆ. ತಪ್ಪಿದೆಯೆಂದು ನಂಬಿ ಅದನ್ನು ಹುಡುಕಲು ಹೊರಟವನೇ ನಿಜವಾದ ಪರೀಕ್ಷಕನೆಂಬ ವಾದವನ್ನು ಜಿ. ಜೆ. ಮೈಯರ್ಸ್ ಎಂಬವರು 1979ರಲ್ಲಿ ತಮ್ಮ ಪುಸ್ತಕದಲ್ಲಿ ಮಂಡಿಸಿದರು. ಆಮೇಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಡುಕುವುದಕ್ಕಿಂತ ತಪ್ಪು ಹುಟ್ಟದಂತೆ ನೋಡಿಕೊಳ್ಳುವುದೇ ಲೇಸೆಂದರು.

ಪಕ್ವತೆಗೆ ಮೆಟ್ಟಿಲುಗಳನ್ನು ಗೊತ್ತುಮಾಡುವ ಪದ್ಧತಿ ಎಲ್ಲಿಂದ ಬಂದಿತೆಂಬುದನ್ನು ಹೇಳುವಾಗ ಭೌತಶಾಸ್ತ್ರದವರಾದ ನಮಗೆ ಸ್ವಲ್ಪ ಹೆಮ್ಮೆಯಾಗುವುದು ಸಹಜ. ಕಾರ್ಖಾನೆಯ ಉತ್ಪನ್ನಗಳ ಗುಣವನ್ನು ಸಂಖ್ಯಾಶಾಸ್ತ್ರದಿಂದ ನಿಯಂತ್ರಿಸುವ ನಕ್ಷೆಯನ್ನು 1924ರಲ್ಲಿ ರಚಿಸಿದ ವಾಲ್ಟರ್ ಶೂಹಾರ್ಟ್ ಎಂಬ ಅಮೆರಿಕನ್ನರು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಭೌತಶಾಸ್ತ್ರದ ಅಧ್ಯಾಪಕರೇ ಆಗಿದ್ದ ಪ್ರಶಾಂತಚಂದ್ರ ಮಹಲನೋಬಿಸರ ಆಹ್ವಾನದ ಮೇಲೆ ಅವರು 1947-48ರಲ್ಲಿ ಭಾರತಕ್ಕೂ ಬಂದು ಹೋಗಿದ್ದರು. ಗುಣಸಾಧನೆಗೆ ಐದು ಹಂತಗಳುಂಟೆಂದು ಫಿಲಿಪ್ ಕ್ರಾಸ್‌ಬಿ 1979ರಲ್ಲಿ ಬರೆದರು. ಐ.ಬಿ.ಎಂ. ಕಂಪನಿಯಲ್ಲಿ ಬಹುಕಾಲ ದುಡಿದು 1986ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ತಂತ್ರಾಂಶ ಸಂಸ್ಥೆಯನ್ನು ಸೇರಿದ ವಾಟ್ಸ್ ಹಂಫ್ರಿ ಇವೆಲ್ಲವನ್ನೂ ತಂತ್ರಾಂಶಕ್ಕೆ ಅನ್ವಯಿಸಿದರು. ಅವರ ಸ್ನಾತಕೋತ್ತರ ಪದವಿಯೂ ಭೌತಶಾಸ್ತ್ರದ್ದೇ. ತಂತ್ರಾಂಶ ರಚಿಸುವ ಸಂಸ್ಥೆಗಳ ಸಾಮರ್ಥ್ಯವನ್ನು ಅಳೆಯುವ ವಿಧಾನವೊಂದು ಅಮೆರಿಕದ ರಕ್ಷಣಾ ಇಲಾಖೆಗೆ ಬೇಕಾಗಿತ್ತು. ಹಂಫ್ರಿಯವರ ವಿಚಾರಗಳಿಂದ ಬೆಳೆದ ಐದು ಮೆಟ್ಟಿಲುಗಳ ‘ಸಾಮರ್ಥ್ಯ ಪಕ್ವತಾ ಮಾದರಿ’ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಪರೀಕ್ಷೆಯ ವಿಚಾರ ಸಾಲದೆಂದು ಕಂಡ ಐಲೀನ್ ಬರ್ನ್‌ಸ್ಟೀನ್ ಮತ್ತು ಸಂಗಡಿಗರು ಪರೀಕ್ಷೆಗೇ ಮೀಸಲಾದ ಐದು ಮೆಟ್ಟಿಲುಗಳನ್ನು 1996ರಲ್ಲಿ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯಿಂದ ಹೊರತಂದರು. 2005ರಲ್ಲಿ ಸ್ಥಾಪಿತವಾದ ಒಂದು ಪ್ರತಿಷ್ಠಾನವು ಅದನ್ನು ಬೆಳೆಸಿ ‘ಟಿ.ಎಂ.ಎಂ.ಐ.’ ಎಂಬ ಹೆಸರಿನಿಂದ ನಡೆಸಿಕೊಂಡು ಬಂದಿದೆ.

ಮೊದಲನೆಯ ಮೆಟ್ಟಿಲಿನಲ್ಲಿರುವ ಸಂಸ್ಥೆಗೆ ಕ್ರಮವೆಂಬುದಿಲ್ಲ. ತಂತ್ರಾಂಶ ಬರೆದು ಮುಗಿದಮೇಲೆ ಸಮಯ ಉಳಿದರೆ ಪರೀಕ್ಷೆ. ಇಲ್ಲವಾದರೆ ಗಿರಾಕಿಯೇ ಪರೀಕ್ಷಕ. ಇಲ್ಲಿ ಒಳ್ಳೆಯ ಕೆಲಸ ನಡೆಯುವುದಿಲ್ಲವೆಂದಲ್ಲ. ರಾತ್ರಿ ಹಗಲು ನಿದ್ದೆಗೆಟ್ಟು ಕೆಲಸವನ್ನು ದಡ ಮುಟ್ಟಿಸುವ ಒಬ್ಬಿಬ್ಬರು ಮಹಾನುಭಾವರು ಇದ್ದೇ ಇರುತ್ತಾರೆ. ಆದರೆ ಅವರು ರಜ ಹಾಕಿದ ವಾರ ಏನಾಗುವುದೆಂದು ಯಾರೂ ಹೇಳಲಾರರು. ಎರಡನೆಯ ಮೆಟ್ಟಿಲಿಗೆ ಏರಿದ ಸಂಸ್ಥೆಯು ಪರೀಕ್ಷೆಯನ್ನು ದೋಷ ತಿದ್ದುವ ಕೆಲಸದಿಂದ ಬೇರ್ಪಡಿಸಿ, ಅದಕ್ಕೆ ಯೋಜನೆಯೊಂದನ್ನು ಬರೆದಿಡುತ್ತದೆ: ಯಾವುದನ್ನು ಪರೀಕ್ಷಿಸಬೇಕು, ಯಾವ ಯಂತ್ರದ ಮೇಲೆ, ಯಾರು, ಎಷ್ಟಾದರೆ ಸಾಕು. ಯಾವ ಭಾಗ ಕೆಟ್ಟರೆ ಅಪಾಯ ಹೆಚ್ಚೋ ಅದಕ್ಕೆ ಹೆಚ್ಚು ವೇಳೆ ಕೊಡಬೇಕೆಂಬ ತೀರ್ಮಾನವೂ ಇಲ್ಲಿಯೇ ಆಗುತ್ತದೆ. ಐದು ಮೆಟ್ಟಿಲುಗಳಲ್ಲಿ ಏರಲು ಅತಿ ಕಷ್ಟವಾದುದು ಇದೇ ಎಂದು ನಮ್ಮ ಎಣಿಕೆ; ಏಕೆಂದರೆ ಮಹಾನುಭಾವರನ್ನು ಹೊಗಳುವ ಅಭ್ಯಾಸವನ್ನು ಸಂಸ್ಥೆ ಮೊದಲು ಬಿಡಬೇಕಾಗುತ್ತದೆ.

ಮೂರನೆಯದರಲ್ಲಿ ಈ ಕ್ರಮ ಒಂದು ತಂಡದ್ದಾಗಿರದೆ ಇಡೀ ಸಂಸ್ಥೆಯದಾಗುತ್ತದೆ. ಪರೀಕ್ಷಕರಿಗೆ ಪ್ರತ್ಯೇಕ ಶಿಕ್ಷಣ ದೊರೆಯುತ್ತದೆ. ತಂತ್ರಾಂಶ ಬರೆಯುವುದಕ್ಕೆ ಮುಂಚೆ, ಅದರ ಲಕ್ಷಣಪತ್ರ ಸಿದ್ಧವಾಗುವಾಗಲೇ, ಪರೀಕ್ಷಕನು ಬಂದು ಕುಳಿತುಕೊಳ್ಳುತ್ತಾನೆ. ಏರಿಯಾನ್-5ರ ಲಕ್ಷಣಪತ್ರವನ್ನು ನೋಡಿ ‘ಹೊಸ ಪಥದ ಅಂಕಿಗಳೆಲ್ಲಿ?’ ಎಂದು ಕೇಳುವುದು ಇಂಥವನ ಕೆಲಸವೇ. ಬರೆದ ಆದೇಶಗಳನ್ನು ಗಣಕಕ್ಕೆ ಕೊಡುವ ಮೊದಲು ಸಹೋದ್ಯೋಗಿಗಳು ಸಾಲುಸಾಲಾಗಿ ಓದಿ ತಪ್ಪು ಹುಡುಕುವ ರೂಢಿಯೂ ಈ ಮೆಟ್ಟಿಲಿಗೆ ಸೇರಿದುದು. ಐ.ಬಿ.ಎಂ. ಕಂಪನಿಯ ಮೈಕೇಲ್ ಫೇಗನ್ ಇದಕ್ಕೊಂದು ಶಿಸ್ತಾದ ವಿಧಾನವನ್ನು 1976ರಲ್ಲಿ ಪ್ರಕಟಿಸಿದರು.

ನಾಲ್ಕನೆಯ ಮೆಟ್ಟಿಲು ಅಳತೆಯದು. ಕಂಡ ದೋಷಗಳನ್ನು ಎಣಿಸುವುದು ಸುಲಭ. ಕಾಣದೆ ಉಳಿದವು ಎಷ್ಟು? ಇದನ್ನು ಅಂದಾಜು ಮಾಡುವ ಒಂದು ಉಪಾಯವು ಪ್ರಾಣಿಶಾಸ್ತ್ರದಿಂದ ಬಂದುದು. ಕೆರೆಯಲ್ಲಿ ಎಷ್ಟು ಮೀನುಗಳಿವೆಯೆಂದು ತಿಳಿಯಬೇಕಾಗಿದೆ. ಬಲೆ ಬೀಸಿ 24 ಮೀನುಗಳನ್ನು ಹಿಡಿದು, ಗುರುತು ಹಾಕಿ, ಮತ್ತೆ ನೀರಿಗೆ ಬಿಡುತ್ತೇವೆ. ಎರಡನೆಯ ಸಲ 20 ಸಿಕ್ಕುತ್ತವೆ. ಅವುಗಳಲ್ಲಿ 16ರ ಮೇಲೆ ನಮ್ಮ ಗುರುತಿದೆ. ಐದರಲ್ಲಿ ನಾಲ್ಕು ಪಾಲಿನ ಮೇಲೆ ಗುರುತಿರುವುದರಿಂದ, ಆ 24 ಇಡೀ ಕೆರೆಯ ಮೀನುಗಳ ಐದರಲ್ಲಿ ನಾಲ್ಕು ಪಾಲು, ಒಟ್ಟು 30. ಈಗ ಮೀನಿನ ಬದಲು ದೋಷವೆಂದಿಟ್ಟುಕೊಳ್ಳಿ. ಒಂದೇ ತಂತ್ರಾಂಶವನ್ನು ಇಬ್ಬರು ಬೇರೆಬೇರೆಯಾಗಿ ಓದಿ, ಒಬ್ಬನು 24, ಇನ್ನೊಬ್ಬನು 20 ದೋಷಗಳನ್ನು ಕಂಡುಹಿಡಿದರು. ಇಬ್ಬರಿಗೂ ಸಿಕ್ಕಿದವು 16. ಒಟ್ಟು ಕಂಡವು 24ಕ್ಕೆ 20 ಕೂಡಿಸಿ 16 ಕಳೆದರೆ 28. ಇರಬೇಕಾದವು 30. ಇನ್ನೂ ಎರಡು ಎಲ್ಲಿಯೋ ಅಡಗಿವೆ! ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ ಓದಿರಬೇಕೆಂಬುದು ಇಲ್ಲಿಯ ನಿಬಂಧನೆ. ದೋಷಗಳೆಲ್ಲ ಒಂದೇ ಸಮನಾಗಿ ಕಣ್ಣಿಗೆ ಬೀಳುವಂಥವಲ್ಲ. ಸುಲಭವಾದವು ಇಬ್ಬರಿಗೂ ಸಿಕ್ಕಿಬಿಡುವುದರಿಂದ ಲೆಕ್ಕ ಸಾಮಾನ್ಯವಾಗಿ ನಿಜಕ್ಕಿಂತ ಕಡಮೆಯೇ ಬರುತ್ತದೆ. ಏಕೆಂಬುದನ್ನು ವಿದ್ಯಾರ್ಥಿಗಳು ಮೇಲಿನ ಭಿನ್ನರಾಶಿಯನ್ನೇ ನೋಡಿ ಯೋಚಿಸಬಹುದು.

ಅಳತೆಯಲ್ಲಿ ಅಪಾಯವೂ ಉಂಟು. ಕಂಡುಹಿಡಿದ ದೋಷಕ್ಕೆ ಇಷ್ಟೆಂದು ಬಹುಮಾನ ಗೊತ್ತುಮಾಡಿದರೆ, ಪರೀಕ್ಷಕರು ಅಕ್ಷರದ ಬಣ್ಣ ತುಸು ಮಸುಕಾಗಿದೆಯೆಂಬಂಥ ಕ್ಷುಲ್ಲಕ ದೋಷಗಳನ್ನು ರಾಶಿ ಹಾಕುತ್ತಾರೆ. ಹುಲಿ ಹೊಡೆದವನಿಗೂ ತಿಗಣೆ ಹೊಡೆದವನಿಗೂ ಕೂಲಿ ಒಂದೇ ಆದರೆ ಕಾಡಿಗೆ ಹೋಗುವವರಾರು?

ಐದನೆಯ ಮೆಟ್ಟಿಲಿಗೆ ಜೀವಂತ ನಿದರ್ಶನವಾಗಿದ್ದುದು ಅಮೆರಿಕದ ಸ್ಪೇಸ್ ಷಟಲ್ ನೌಕೆಯ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಹ್ಯೂಸ್ಟನ್ ನಗರದ ತಂಡ. ಏರಿಯಾನ್-5 ಸಿಡಿದ ಅದೇ 1996ರಲ್ಲಿ ಪ್ರಕಟವಾದ ವಿವರಗಳ ಪ್ರಕಾರ, ಸುಮಾರು 4,20,000 ಸಾಲುಗಳುಳ್ಳ ಆ ತಂತ್ರಾಂಶದ ಅಂದಿನ ಕೊನೆಯ ಮೂರು ಆವೃತ್ತಿಗಳಲ್ಲಿ ತಲಾ ಒಂದೊಂದೇ ದೋಷ ಕಂಡುಬಂದಿತ್ತು. ಅಲ್ಲಿ ಬರೆಯುವವರ ತಂಡ ಬೇರೆ, ಪರೀಕ್ಷಿಸುವವರ ತಂಡ ಬೇರೆ. ಇಬ್ಬರಿಗೂ ಆರೋಗ್ಯಕರವಾದ ಪೈಪೋಟಿ. ದೋಷವೊಂದು ಸಿಕ್ಕಿದರೆ ಅದನ್ನು ತಿದ್ದಿ ಸುಮ್ಮನಾಗುವಂತಿರಲಿಲ್ಲ. ಅದು ಒಳಹೊಕ್ಕದ್ದು ಹೇಗೆ, ಇದುವರೆಗಿನ ಪರೀಕ್ಷೆಗಳಿಗೆ ಸಿಕ್ಕದೆ ಪಾರಾದದ್ದು ಹೇಗೆ, ಇದೇ ಜಾತಿಯ ದೋಷ ಬೇರೆಲ್ಲಿಯಾದರೂ ಇದೆಯೆ ಎಂದು ಹುಡುಕಿ, ಕೆಲಸದ ಕ್ರಮವನ್ನೇ ತಿದ್ದುತ್ತಿದ್ದರು. ಅಲ್ಲಿ ವಿಚಾರಣೆಗೆ ಒಳಗಾಗುತ್ತಿದ್ದುದು ತಪ್ಪಿದ ವ್ಯಕ್ತಿಯಲ್ಲ, ತಪ್ಪಿಗೆ ಎಡೆಗೊಟ್ಟ ಕ್ರಮ. 1986 ಮತ್ತು 2003ರಲ್ಲಿ ಎರಡು ನೌಕೆಗಳು ನಾಶವಾದುದಕ್ಕೆ ಕಾರಣಗಳು ಬೇರೆ, ತಂತ್ರಾಂಶವಲ್ಲ.

ನಮ್ಮ ಬೆಂಗಳೂರಿಗೂ ಈ ಮೆಟ್ಟಿಲುಗಳಿಗೂ ನಂಟುಂಟು. ಹಂಫ್ರಿಯವರ ಮಾದರಿಯ ಐದನೆಯ ಮೆಟ್ಟಿಲನ್ನು ಜಗತ್ತಿನಲ್ಲಿ ಮೊಟ್ಟಮೊದಲು ಮುಟ್ಟಿದ ಕೆಲವೇ ಸಂಸ್ಥೆಗಳಲ್ಲಿ ಬೆಂಗಳೂರಿನ ಮೋಟೊರೋಲ ಕೇಂದ್ರವೂ ಒಂದು. ಅದು 1990ರ ದಶಕದ ಪೂರ್ವಾರ್ಧದ ಮಾತು. ಆ ಶತಮಾನ ಮುಗಿಯುವ ವೇಳೆಗೆ ಭಾರತದ ಹಲವು ಕಂಪನಿಗಳು ಅದೇ ಮೆಟ್ಟಿಲನ್ನು ಏರಿದ್ದುವು. ಸಾವಿರಾರು ಮೈಲಿ ದೂರದಲ್ಲಿದ್ದು ತಮ್ಮ ಮುಖವನ್ನೇ ಕಾಣದ ಗಿರಾಕಿಗೆ ವಿಶ್ವಾಸ ಹುಟ್ಟಿಸಲು ಅವುಗಳಿಗೆ ಇಂಥ ಸಾಕ್ಷ್ಯ ಬೇಕಾಗಿತ್ತು. ಇದರಲ್ಲಿ ತಪ್ಪೇನಿಲ್ಲ. ಆದರೆ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಅಂಕಣಗಳನ್ನು ತನಿಖೆಯ ಹಿಂದಿನ ರಾತ್ರಿ ತುಂಬುವ ಪದ್ಧತಿಯೂ ಲೋಕದಲ್ಲಿ ಇಲ್ಲದಿಲ್ಲ. ಪ್ರಯೋಗ ಮಾಡದೆಯೇ ಗೆಳೆಯನ ಅಂಕಿಗಳನ್ನು ನೋಡಿ ದಾಖಲೆ ಪುಸ್ತಕ ತುಂಬುವ ವಿದ್ಯಾರ್ಥಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಮೆಟ್ಟಿಲುಗಳ ಹುಚ್ಚು ಹೆಚ್ಚಾದರೆ ಕಾಗದದ ಕೆಲಸ ಬೆಳೆದು, ಚುರುಕಾಗಿ ಯೋಚಿಸುವ ಪರೀಕ್ಷಕನ ಕೈಕಟ್ಟಿ ಹಾಕಿದಂತಾಗುವುದೆಂದು ಆಕ್ಷೇಪಿಸುವ ತಜ್ಞರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ನಾಲ್ಕು ಮಂದಿಯ ತಂಡಕ್ಕೆ ಷಟಲ್ ತಂಡದ ಕಟ್ಟುಪಾಡುಗಳನ್ನೆಲ್ಲ ಹೊರಿಸುವುದು ವ್ಯರ್ಥ.

ಅಷ್ಟು ಸಣ್ಣ ತಂಡವೂ ಮಾಡಬಹುದಾದ ಕೆಲಸವೊಂದುಂಟು. ಕಾಲೇಜಿನಲ್ಲಿ ಕೂಡಿ ತಂತ್ರಾಂಶ ಬರೆಯುವ ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ನಾಲ್ಕು ಅಂಕಣಗಳ ಗೆರೆ ಎಳೆದುಕೊಳ್ಳಲಿ: ಕಂಡ ದೋಷ ಯಾವುದು, ಅದು ಲಕ್ಷಣಪತ್ರದಲ್ಲಿಯೇ ಹುಟ್ಟಿತೆ, ಬರೆಯುವಾಗ ಹುಟ್ಟಿತೆ, ಇನ್ನೊಂದು ದೋಷವನ್ನು ತಿದ್ದುವಾಗ ಹುಟ್ಟಿತೆ, ಯಾವ ಹಂತದಲ್ಲಿ ಸಿಕ್ಕಬೇಕಾಗಿತ್ತು, ಯಾವ ಹಂತದಲ್ಲಿ ಸಿಕ್ಕಿತು. ಐವತ್ತು ದೋಷಗಳನ್ನು ಹೀಗೆ ಬರೆದಾದ ಮೇಲೆ ಕೊನೆಯ ಎರಡು ಅಂಕಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ತಮ್ಮ ಪರೀಕ್ಷೆಯ ಜರಡಿಯಲ್ಲಿ ಕಂಡಿ ಬಿದ್ದಿರುವುದು ಎಲ್ಲಿ ಎಂಬುದು ಅವರಿಗೇ ಕಾಣುವುದು.